ಒಲಿಂಪಿಕ್ಸ್‌ಗೆ ಬಂದು ಹೋಗುವ ಬೇಸ್‌ಬಾಲ್: ಇಷ್ಟೊಂದು ಅಲೆದಾಟ ಯಾಕೆ?

2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮುಂಬೈಯಲ್ಲಿ ಸಭೆ ಸೇರಿತು. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಐದು ಆಟಗಳನ್ನು ಸೇರಿಸಲು ಅಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಸುದ್ದಿಯಾಗಿದ್ದು ಕ್ರಿಕೆಟ್ ಮಾತ್ರ. ಅದೇ ಪಟ್ಟಿಯಲ್ಲಿ ಬೇಸ್‌ಬಾಲ್ ಕೂಡ ಇತ್ತು. ಕ್ರಿಕೆಟ್ ಅಲ್ಲಿಗೆ ಹೋಗುತ್ತಿರುವುದು 1900ರ ನಂತರ ಮೊದಲ ಸಲ. ಬೇಸ್‌ಬಾಲ್‌ಗೆ ಇದು ಮೂರನೇ ಪ್ರವೇಶ. 1992ರಲ್ಲಿ ಪದಕದ ಆಟವಾಯಿತು, 2008ರ ನಂತರ ಹೊರಬಿತ್ತು, ಟೋಕಿಯೊದಲ್ಲಿ ಮರಳಿತು, ಪ್ಯಾರಿಸ್‌ನಲ್ಲಿ ಮತ್ತೆ ಇರಲಿಲ್ಲ.

ಮೊದಲು ಆಟ ಅರ್ಥವಾಗಲಿ. ಕ್ರಿಕೆಟ್ ಗೊತ್ತಿದ್ದವರಿಗೆ ಇದೇನೂ ಕಷ್ಟವಲ್ಲ. ತಂಡಕ್ಕೆ ಒಂಬತ್ತು ಜನ. ಪಿಚರ್ 60 ಅಡಿ 6 ಇಂಚು ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾನೆ. ಮೊಣಕೈ ಬಗ್ಗಿದರೆ ತಕರಾರಿಲ್ಲ. ಬ್ಯಾಟರ್ ಬೀಸಿಯೂ ಚೆಂಡು ತಾಗದಿದ್ದರೆ, ಇಲ್ಲವೇ ಹೊಡೆಯಬಹುದಾದ ಚೆಂಡನ್ನು ಸುಮ್ನೆ ಬಿಟ್ಟರೆ ಒಂದು ಸ್ಟ್ರೈಕ್. ಮೂರಾದರೆ ಔಟ್. ಪಿಚರ್ ನಾಲ್ಕು ಸಲ ಅಡ್ಡಾದಿಡ್ಡಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ (ಓಡಿ ಮುಟ್ಟಬೇಕಾದ ನೆಲೆ) ಪುಕ್ಕಟೆ. ಚೆಂಡು ಮುಂದಿನ ಎರಡು ಗೆರೆಗಳ ಒಳಗೆ ಬಿತ್ತೋ, ಓಡಲೇಬೇಕು. ‘ನೋ’ ಅಂತ ಕೂಗಿ ನಿಲ್ಲುವ ಹಾಗಿಲ್ಲ. 90 ಅಡಿಗೊಂದರಂತೆ ನಾಲ್ಕು ಬೇಸ್ ಸುತ್ತಿ ಬಂದರೆ ಒಂದೇ ಒಂದು ರನ್. ಮೂರು ಜನ ಔಟಾದರೆ ಎದುರು ತಂಡದ ಸರದಿ. ಹೀಗೆ ಒಂಬತ್ತು ಇನ್ನಿಂಗ್ಸ್. ಸಮವಾದರೆ ಅಮೆರಿಕದ ಲೀಗ್‌ನಲ್ಲಿ ಗೆಲುವು ಸಿಗುವವರೆಗೂ ಆಟ ಮುಂದುವರಿಯುತ್ತದೆ. ಜಪಾನಿನ ಲೀಗ್‌ನಲ್ಲಿ 12 ಇನ್ನಿಂಗ್ಸ್ ಆದಮೇಲೂ ಸಮವಿದ್ದರೆ ಡ್ರಾ.

ಹುಟ್ಟಿನ ಕಥೆಯಲ್ಲೂ ಗೊಂದಲವಿದೆ. ಆಬ್ನರ್ ಡಬಲ್‌ಡೇ ಎಂಬ ಸೇನಾಧಿಕಾರಿ 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಲ್ಲಿ ಈ ಆಟ ಕಂಡುಹಿಡಿದ ಎಂದು 1907ರಲ್ಲಿ ಒಂದು ಸಮಿತಿ ತೀರ್ಮಾನ ಕೊಟ್ಟಿತು. ಆ ವರ್ಷ ಅವನು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದುತ್ತಿದ್ದ! ಆದರೂ ಆಟದ ಹಾಲ್ ಆಫ್ ಫೇಮ್ ಇರುವುದು ಅದೇ ಊರಲ್ಲಿ. ನಿಜದಲ್ಲಿ ಇಂಗ್ಲೆಂಡಿನಿಂದ ಬಂದ ಬ್ಯಾಟು-ಚೆಂಡಿನ ಆಟಗಳು ನಮ್ಮ ಚಿನ್ನಿದಾಂಡಿನ ಹಾಗೆ ಊರಿಗೊಂದು ನಿಯಮದಲ್ಲಿ ನಡೆಯುತ್ತಿದ್ದವು. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ ತನ್ನ ನಿಯಮಗಳನ್ನು ಬರೆದಿಟ್ಟಿತು. ಅಂತರ್ಯುದ್ಧ, 1876ರ ನ್ಯಾಷನಲ್ ಲೀಗ್, ಕಪ್ಪು ಆಟಗಾರರನ್ನು ಹೊರಗಿಟ್ಟ ದಶಕಗಳು, 1947ರಲ್ಲಿ ಆ ಬಾಗಿಲು ಮುರಿದ ಜಾಕಿ ರಾಬಿನ್ಸನ್. ಅಮೆರಿಕದೊಳಗಿನ ಕಥೆ ಇಲ್ಲಿಗೆ ಸಾಕು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಜಪಾನ್. 1872ರಲ್ಲಿ ಹೊರೇಸ್ ವಿಲ್ಸನ್ ಎಂಬ ಅಮೆರಿಕನ್ ಮೇಷ್ಟ್ರು ಟೋಕಿಯೊದ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿದರು. ಸುಮಾರು ಕಾಲು ಶತಮಾನ ಕಳೆದು, 1896ರಲ್ಲಿ, ಇಚಿಕೊ ಶಾಲೆಯ ಹುಡುಗರು ಯೊಕೊಹಾಮಾದ ಅಮೆರಿಕನ್ ತಂಡವನ್ನು 29-4ರಿಂದ ಸೋಲಿಸಿದರು. ಪಶ್ಚಿಮದ ದೇಶಗಳು ಹೇರಿದ್ದ ಅಸಮಾನ ಒಪ್ಪಂದಗಳ ಕಾಲ ಅದು. ಹುಡುಗರು ಗೆದ್ದಿದ್ದು ಬರೀ ಪಂದ್ಯವಲ್ಲ ಅಂತ ಆ ದೇಶಕ್ಕೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಎಲ್ಲರೂ ಮೆಚ್ಚಿದರು ಅಂತಲ್ಲ. 1911ರಲ್ಲಿ ಟೋಕಿಯೊದ ಅಸಾಹಿ ಪತ್ರಿಕೆ ಈ ಆಟದ ಕೆಡುಕುಗಳ ಬಗ್ಗೆ ಲೇಖನಮಾಲೆಯನ್ನೇ ಹಾಕಿತು. ಎದುರಾಳಿಗೆ ಮೋಸ ಮಾಡಿ ಬೇಸ್ ಕದಿಯುವ (ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡುವ) ಇದು ಜೇಬುಗಳ್ಳರ ಆಟ ಎಂದು ಚಿಂತಕ ನಿತೊಬೆ ಇನಾಜೊ ಜರಿದರು. ತಮಾಷೆ ನೋಡಿ, ನಾಲ್ಕೇ ವರ್ಷಕ್ಕೆ ಅದೇ ಸಂಸ್ಥೆಯ ಒಸಾಕಾ ಪತ್ರಿಕೆ ಶಾಲೆಗಳ ರಾಷ್ಟ್ರೀಯ ಟೂರ್ನಿ ಶುರು ಮಾಡಿತು. 1924ರಲ್ಲಿ ಅದು ಕೊಶಿಯೆನ್ ಕ್ರೀಡಾಂಗಣಕ್ಕೆ ಬಂತು. ಇಂದಿಗೂ ಬೇಸಿಗೆಯಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಶಾಲೆಗಳು ಸ್ಥಳೀಯ ಸುತ್ತುಗಳಲ್ಲಿ ಆಡುತ್ತವೆ. ಕೊಶಿಯೆನ್ ತಲುಪುವುದು 49 ತಂಡ. ಒಂದು ಸೋತರೆ ಮುಗೀತು, ಮನೆಗೆ. ಸೋತ ಹುಡುಗರು ಆ ಮೈದಾನದ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ.

ಈ ಭಾವುಕತೆಗೆ ಬೆಲೆ ತೆತ್ತಿದ್ದು ಹುಡುಗರ ತೋಳುಗಳು. 1998ರ ಕ್ವಾರ್ಟರ್ ಫೈನಲ್‌ನಲ್ಲಿ ಮತ್ಸುಜಾಕಾ ದೈಸುಕೆ 17 ಇನ್ನಿಂಗ್ಸ್ ಒಬ್ಬನೇ ಎಸೆದ, ಒಟ್ಟು 250 ಚೆಂಡು. ದೇಶ ಚಪ್ಪಾಳೆ ತಟ್ಟಿತು. ಒಬ್ಬ ಹುಡುಗ ವಾರಕ್ಕೆ 500ಕ್ಕಿಂತ ಹೆಚ್ಚು ಚೆಂಡು ಎಸೆಯಬಾರದು ಎಂಬ ನಿಯಮ ಬರಲು 2020 ಆಗಬೇಕಾಯಿತು. ಅದೂ ಜಾಸ್ತಿಯೇ ಅಲ್ವಾ?

ಜಪಾನ್ ಈ ಆಟವನ್ನು ತನ್ನ ವಸಾಹತಿಗೂ ಒಯ್ದಿತು. 1931ರಲ್ಲಿ ತೈವಾನಿನ ಕಾನೊ ಎಂಬ ಕೃಷಿ ಶಾಲೆ ಕೊಶಿಯೆನ್ ಫೈನಲ್ ತಲುಪಿತು. ತಂಡದಲ್ಲಿ ಹಾನ್ ಚೀನೀಯರು, ಅಲ್ಲಿನ ಮೂಲನಿವಾಸಿಗಳು, ಜಪಾನೀಯರು ಎಲ್ಲರೂ ಇದ್ದರು. 2024ರ ಪ್ರೀಮಿಯರ್ 12 ಎಂಬ ಅಂತರರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ತೈವಾನ್ ತಂಡ ಜಪಾನನ್ನು 4-0ರಿಂದ ಮಣಿಸಿತು. ಅದೂ ಟೋಕಿಯೊದಲ್ಲೇ.

ಕೆರಿಬಿಯನ್ ಕಡೆ ದಾರಿ ಬೇರೆ. ಅಮೆರಿಕದಲ್ಲಿ ಓದಿದ ಕ್ಯೂಬಾದ ಯುವಕರು 1860ರ ದಶಕದಲ್ಲಿ ಬ್ಯಾಟು ಹಿಡಿದು ಮರಳಿದರು. ಸ್ಪೇನ್ ವಿರುದ್ಧದ ಯುದ್ಧದಿಂದ ಓಡಿಹೋದ ಕ್ಯೂಬನ್ನರು ಅದನ್ನು ಡೊಮಿನಿಕನ್ ಗಣರಾಜ್ಯಕ್ಕೆ ಕೊಂಡೊಯ್ದರು. ಕ್ರಾಂತಿಯ ನಂತರ ಕ್ಯೂಬಾ ವೃತ್ತಿಪರ ಲೀಗನ್ನು ಮುಚ್ಚಿತು, ಆದರೆ ಮೊದಲ ಐದು ಒಲಿಂಪಿಕ್ ಚಿನ್ನಗಳಲ್ಲಿ ಮೂರು ಅದರದ್ದೇ.

ಈಗ ಒಲಿಂಪಿಕ್ಸ್ ಗಂಟಿಗೆ ಬರೋಣ. ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಹೆಚ್ಚಿನವರು ಇರುವುದು ಅಮೆರಿಕದ ಮೇಜರ್ ಲೀಗ್‌ನಲ್ಲಿ. ಅಲ್ಲಿ ಪ್ರತಿ ತಂಡಕ್ಕೂ ಋತುವೊಂದಕ್ಕೆ 162 ಪಂದ್ಯ. ಒಲಿಂಪಿಕ್ಸ್ ಬೀಳುವುದು ಸರಿಯಾಗಿ ಅದರ ನಡುವೆ. ಟಿಕೆಟ್, ಟಿವಿ ಹಣ ಎಲ್ಲ ಅದೇ ತಿಂಗಳುಗಳಲ್ಲಿ ಬರುವುದರಿಂದ ಆಟ ನಿಲ್ಲಿಸುವುದು ಸುಲಭವಲ್ಲ, ಒಪ್ಪೋಣ. ವೃತ್ತಿಪರರಿಗೆ 2000ದಿಂದ ಅವಕಾಶ ಸಿಕ್ಕರೂ ದೊಡ್ಡ ತಾರೆಯರು ಬರಲೇ ಇಲ್ಲ. ಉದ್ದೀಪನ ಮದ್ದಿನ ಪರೀಕ್ಷೆ ಲೀಗ್‌ನಲ್ಲಿ ಸಡಿಲ ಎಂಬ ದೂರೂ ಇತ್ತು. ಈ ಆಟಕ್ಕೆ ಬೇರೆಯದೇ ಕ್ರೀಡಾಂಗಣ ಬೇಕು, ಯುರೋಪಿನಲ್ಲಿ ಅವು ಕಡಿಮೆ. 2005ರಲ್ಲಿ ಸಿಂಗಪುರದ ಸಭೆ ಬೇಸ್‌ಬಾಲನ್ನು 2012ರ ಪಟ್ಟಿಯಿಂದ ಕೈಬಿಟ್ಟಿತು. ಜೊತೆಗೆ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳು ಆಡುತ್ತಿದ್ದ ಸಾಫ್ಟ್‌ಬಾಲ್ ಕೂಡ ಹೋಯಿತು. ಆ ಹೆಣ್ಣುಮಕ್ಕಳಿಗೂ ಲೀಗ್ ವೇಳಾಪಟ್ಟಿಗೂ ಏನು ಸಂಬಂಧವಿತ್ತೋ!

ಮರುವರ್ಷವೇ ದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿ ಶುರುವಾಯಿತು. ನಡೆಯುವುದು ಮಾರ್ಚ್‌ನಲ್ಲಿ, ಅಂದರೆ ಲೀಗ್ ಆರಂಭಕ್ಕೆ ಮುಂಚೆ. ಮೊದಲ ಎರಡೂ ಸಲ ಜಪಾನ್ ಗೆದ್ದಿತು. 2023ರ ಫೈನಲ್‌ನಲ್ಲಿ ಜಪಾನಿನ ಶೊಹೆ ಒಟಾನಿ ಲೀಗ್‌ನಲ್ಲಿ ತನ್ನದೇ ತಂಡದವನಾದ ಮೈಕ್ ಟ್ರೌಟ್‌ನನ್ನು ಔಟ್ ಮಾಡಿ ಅಮೆರಿಕವನ್ನು 3-2ರಿಂದ ಸೋಲಿಸಿದ. ತಾರೆಯರು ದೇಶಕ್ಕಾಗಿ ಆಡಿದರೆ ಜನ ನೋಡುತ್ತಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

2028ರಲ್ಲಿ ಆಡುವುದು ಆರೇ ತಂಡ. ಪಂದ್ಯಗಳು ನಡೆಯುವುದು ಡಾಡ್ಜರ್ ಸ್ಟೇಡಿಯಂನಲ್ಲಿ, ಅಂದರೆ 2023ರ ಡಿಸೆಂಬರ್‌ನಲ್ಲಿ ಒಟಾನಿ ಸೇರಿಕೊಂಡ ತಂಡದ ತವರು ಮೈದಾನದಲ್ಲಿ.