ಅಂಚೆ ಮತಕ್ಕೆ ಅಂಚೆಯವನು ಬರುವುದಿಲ್ಲ

ಚುನಾವಣೆ ಘೋಷಣೆಯಾಗುವುದೇ ತಡ, ನಿವೃತ್ತನಾದ ನನ್ನ ಫೋನಿಗೂ ಜೀವ ಬರುತ್ತದೆ. ತಾಲ್ಲೂಕು ಕಚೇರಿಯಲ್ಲಿ ವರ್ಷಗಟ್ಟಲೆ ಚುನಾವಣಾ ಶಿರಸ್ತೇದಾರನಾಗಿದ್ದವನ ನಂಬರು ಊರವರ ಫೋನುಗಳಿಂದ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಬರುವ ಕರೆಗಳ ಧಾಟಿ ಒಂದೇ.

"ಸಾಹೇಬ್ರ, ನಮ್ಮವ್ವಗ ಎಂಬತ್ತೆಂಟರಿ. ಮನ್ಯಾಗ ವೋಟ್ ಹಾಕೋ ಫಾರ್ಮ್ ತುಂಬಿ ಕೊಟ್ಟಿರ್ತೀವಿ. ಅವತ್ತ ಆರಾಮ ಇದ್ರ ಬೂತಿಗೇ ಕರ್ಕೊಂಡ ಹೋಗ್ತೀವಿ. ಇಲ್ಲಂದ್ರ ಮನ್ಯಾಗ ಹಾಕ್ತಾಳ. ಎರಡೂ ಇರ್ಲಿ ಅಂತ."

ಈ "ಎರಡೂ ಇರ್ಲಿ" ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಬಿ.ಪಿ. ಏರುತ್ತದೆ. ಎರಡೂ ಇರುವುದಿಲ್ಲ. ವೃದ್ಧರು, ಅಂಗವಿಕಲರು ಮನೆಯಿಂದ ಮತ ಹಾಕಲು ಕೊಡುವ ಅರ್ಜಿ, ನಮೂನೆ 12ಡಿ, ತುಂಬಿ ಕೊಟ್ಟಿರಿ, ಚುನಾವಣಾಧಿಕಾರಿ ಒಪ್ಪಿದರು ಅಂದರೆ, ಮತಗಟ್ಟೆಗೆ ಹೋಗುವ ಪಟ್ಟಿಯಲ್ಲಿ ನಿಮ್ಮವ್ವನ ಹೆಸರಿನ ಮುಂದೆ 'ಪಿಬಿ' ಎಂಬ ಎರಡಕ್ಷರ ಬಿತ್ತು. ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತ, ಎಂದು ಅದರರ್ಥ. ಆ ಎರಡಕ್ಷರ ಬಿದ್ದ ಮೇಲೆ ಆಕೆ ಮತಗಟ್ಟೆಗೆ ನಡೆದುಕೊಂಡು ಬರಲಿ, ಗಾಲಿಕುರ್ಚಿಯಲ್ಲಿ ಬರಲಿ, ಯಂತ್ರದ ಗುಂಡಿ ಒತ್ತಲು ಬಿಡುವುದಿಲ್ಲ. ಮನೆಯಲ್ಲಿ ಮತ ಹಾಕಿದ್ದರೂ ಇಲ್ಲ, ಹಾಕದಿದ್ದರೂ ಇಲ್ಲ. ಜನಕ್ಕೆ ಹತ್ತದಿರುವುದು ಈ ಕಡೆಯ ಮಾತು. "ಮನ್ಯಾಗ ಹಾಕೇ ಇಲ್ಲಲ್ರಿ, ಮತ್ತ ಇಲ್ಲಿ ಯಾಕ ಬಿಡಂಗಿಲ್ಲ?" ಎಂದು ಜಗಳಕ್ಕೆ ನಿಲ್ಲುತ್ತಾರೆ. ಪಟ್ಟಿಯಲ್ಲಿ ಇರುವುದು ಆಕೆಗೆ ಯಾವ ದಾರಿಯ ಮತ ಕೊಟ್ಟಿದೆ ಎಂಬ ಗುರುತು. ಆಕೆ ಹಾಕಿದಳೋ ಬಿಟ್ಟಳೋ ಎಂಬುದನ್ನು ಆ ಗುರುತು ಹೇಳುವುದಿಲ್ಲ, ಮತಗಟ್ಟೆಯ ಅಧಿಕಾರಿ ಅದನ್ನು ವಿಚಾರಿಸುವಂತೆಯೂ ಇಲ್ಲ.

ಇದರ ಉಲ್ಟಾ ಭಯ ಇನ್ನೊಂದಿದೆ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೆ ಬಂದು ಖಾಲಿ ಫಾರ್ಮ್ ಕೊಟ್ಟು, ತಲುಪಿದ್ದಕ್ಕೆ ಒಂದು ಸಹಿ ಕೇಳುತ್ತಾರೆ. ಆ ಸಹಿ ಹಾಕಿದರೆ ಬೂತಿನ ಮತ ಹೋಯಿತೆಂದು ಬಾಗಿಲು ಹಾಕಿಕೊಂಡವರನ್ನೂ ನೋಡಿದ್ದೇನೆ. ಪುಣ್ಯಾತ್ಮರೇ, ಫಾರ್ಮ್ ಮುಟ್ಟಿತು ಎಂದು ಹಾಕುವ ಸಹಿ ಬೇರೆ, ಫಾರ್ಮ್ ತುಂಬಿ ಕೆಳಗೆ ಹಾಕುವ ಸಹಿ ಬೇರೆ. ಬೇಡವಾದರೆ ಬೇಡ ಅನ್ನಿ. ಮನೆ ಮತ ಕಡ್ಡಾಯವಲ್ಲ.

ಅರ್ಜಿಗೂ ಮತಪತ್ರಕ್ಕೂ ಇರುವ ವ್ಯತ್ಯಾಸದಲ್ಲಿ ಎಡವುವವರು ನಮ್ಮವರಷ್ಟೇ ಅಲ್ಲ. 2020ರ ಮೇ ತಿಂಗಳಲ್ಲಿ, ಕೊರೊನಾ ಜೋರಾಗಿದ್ದಾಗ, ಅಮೆರಿಕದ ಮಿಷಿಗನ್ ರಾಜ್ಯ ತನ್ನ 77 ಲಕ್ಷ ಮತದಾರರಿಗೆಲ್ಲ ಅಂಚೆ ಮತದ ಅರ್ಜಿ ಕಳಿಸಲು ಹೊರಟಿತು. ಅರ್ಜಿ ಮಾತ್ರ. ಅಧ್ಯಕ್ಷ ಟ್ರಂಪ್ ಮತಪತ್ರವನ್ನೇ ಕಳಿಸುತ್ತಿದ್ದಾರೆಂದು ಟ್ವೀಟ್ ಮಾಡಿ, ಆಮೇಲೆ ಅದನ್ನು ತೆಗೆದು 'ಅರ್ಜಿ' ಎಂದು ತಿದ್ದಿ ಹಾಕಿದರು. ಅಲ್ಲೇ ಇರುವ ನಮ್ಮ ಅಣ್ಣನ ಮಗ ಫೋನಿನಲ್ಲಿ ಇದನ್ನು ಹೇಳಿ ನಕ್ಕಾಗ ನನಗೆ ನಮ್ಮ ಕಚೇರಿಯ ಕಿಟಕಿಯೇ ಕಣ್ಣಮುಂದೆ ಬಂತು.

ನಮ್ಮಲ್ಲಿ ಗೊಂದಲದ ಬೇರು ಹೆಸರಿನಲ್ಲೇ ಇದೆ. ಗಡಿಯಲ್ಲಿರುವ ಸೈನಿಕನದ್ದೂ ಅಂಚೆ ಮತ, ಚುನಾವಣಾ ಕೆಲಸಕ್ಕೆ ಹೋದ ಮೇಷ್ಟ್ರದ್ದೂ ಅಂಚೆ ಮತ, ಹಾಸಿಗೆ ಹಿಡಿದ ಅಜ್ಜಿಯದ್ದೂ ಅಂಚೆ ಮತ. ಅಜ್ಜಿಯ ವಿಷಯದಲ್ಲಿ ಅಂಚೆ ಇಲಾಖೆಗೆ ಏನೂ ಕೆಲಸವಿಲ್ಲ. ಇಬ್ಬರು ಮತಗಟ್ಟೆ ಸಿಬ್ಬಂದಿ, ಒಬ್ಬ ಪೊಲೀಸ್, ಒಬ್ಬ ವಿಡಿಯೊದವನು ಮೊದಲೇ ತಿಳಿಸಿದ ದಿನ ಮನೆಗೇ ಬರುತ್ತಾರೆ. ಅಭ್ಯರ್ಥಿಗಳಿಗೂ ಮುಂಚೆ ತಿಳಿಸಿರುತ್ತಾರೆ, ಅವರ ಕಡೆಯವರು ಬಂದು ನೋಡಬಹುದು. ಕಾಗದದ ಮತಪತ್ರಕ್ಕೆ ಗುರುತು ಹಾಕಿ ಚಿಕ್ಕ ಲಕೋಟೆಯಲ್ಲಿಟ್ಟು ಅಂಟಿಸಬೇಕು, ಅದನ್ನೂ ಘೋಷಣಾ ಪತ್ರವನ್ನೂ ದೊಡ್ಡ ಲಕೋಟೆಗೆ ಸೇರಿಸಿ ಅದನ್ನೂ ಅಂಟಿಸಬೇಕು. ವಿಡಿಯೊದವನು ಗುರುತು ಹಾಕುವುದನ್ನು ಹಿಡಿಯುವಂತಿಲ್ಲ. ಎಲ್ಲವೂ ಮತದಾನದ ದಿನಕ್ಕೆ ಮುಂಚೆಯೇ ಮುಗಿದಿರುತ್ತದೆ. ಹೀಗೆ ಮನೆಯಲ್ಲಿ ಮತ ಹಾಕುವವರಿಗೆ ಕಾನೂನಿನಲ್ಲಿ ಇಟ್ಟಿರುವ ಹೆಸರು 'ಗೈರುಹಾಜರಿ ಮತದಾರರು'. ಹತ್ತು ವರ್ಷದಿಂದ ಹೊಸ್ತಿಲು ದಾಟದ ಮುದುಕಿ ಗೈರುಹಾಜರಿ! ಯಾರು ಈ ಹೆಸರು ಕಟ್ಟಿದರೋ.

ತಂಡ ಬಂದಾಗ ಮನೆಯಲ್ಲಿ ಇಲ್ಲದಿದ್ದರೆ ಇನ್ನೊಂದು ಸಲ ಬರುತ್ತಾರೆ. ಮೂರನೆಯ ಸಲ ಬರುವುದಿಲ್ಲ.

2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭೆಗೂ, ಬಸವಕಲ್ಯಾಣ ಮತ್ತು ಮಸ್ಕಿ ವಿಧಾನಸಭೆಗೂ ಉಪಚುನಾವಣೆ ನಡೆಯಿತು. ಹಿಂದಿನ ಸೆಪ್ಟೆಂಬರಿನಲ್ಲಿ ಬೆಳಗಾವಿ ಸಂಸದ ಸುರೇಶ್ ಅಂಗಡಿಯವರೂ ಬಸವಕಲ್ಯಾಣ ಶಾಸಕ ಬಿ. ನಾರಾಯಣರಾವ್ ಅವರೂ ಒಂದು ದಿನದ ಅಂತರದಲ್ಲಿ ಕೊರೊನಾಕ್ಕೆ ತೀರಿಕೊಂಡಿದ್ದರು. ಆ ಮೂರರಲ್ಲಿ ಎರಡು ಕ್ಷೇತ್ರಗಳನ್ನು ಖಾಲಿ ಮಾಡಿದ್ದೇ ಆ ಕಾಯಿಲೆ. ಮತ ಕೇಳುವ ಹೊತ್ತಿಗೆ ಎರಡನೇ ಅಲೆ ಬಾಗಿಲಲ್ಲೇ ನಿಂತಿತ್ತು. ಎಂಬತ್ತು ದಾಟಿದವರು, ಅಂಗವಿಕಲರು, ಕೊರೊನಾ ತಗುಲಿದವರು ಅಥವಾ ಶಂಕಿತರು ಮನೆಯಿಂದ ಮತ ಹಾಕಬಹುದಿತ್ತು. ನಾನು ಆ ಮೂರರಲ್ಲಿ ಒಂದು ಕಡೆ ಕೆಲಸದಲ್ಲಿದ್ದೆ. ಊರ ಹೆಸರು ಬೇಡ.

ಅಲ್ಲಿ ಒಬ್ಬ ಮಗ ತನ್ನ ತಾಯಿಗೆ 12ಡಿ ತುಂಬಿಸಿದ. ಒಳ್ಳೆಯದೇ ಆಯಿತು. ನಾಲ್ಕು ದಿನದಲ್ಲಿ ಪಕ್ಕದ ಓಣಿಯಲ್ಲಿ ಕೇಸು ಬಂತೆಂದು ಹೆದರಿ ಅವ್ವನನ್ನು ತಂಗಿಯ ಊರಿಗೆ ಬಿಟ್ಟುಬಂದ. ತಂಡ ಎರಡು ಸಲ ಹೋಯಿತು, ಎರಡು ಸಲವೂ ಬೀಗ. ಮತದಾನದ ದಿನ ಕಾರು ಮಾಡಿಕೊಂಡು ಆಕೆಯನ್ನು ಕರೆತಂದ. ಮತಗಟ್ಟೆಯಲ್ಲಿ ಬಲಗೈಗೆ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಗ್ಲೌಸ್ ಕೊಡುತ್ತಿದ್ದರು, ಆಕೆ ಅದನ್ನು ಆಗಲೇ ಹಾಕಿಕೊಂಡಾಗಿತ್ತು. ಪಟ್ಟಿಯಲ್ಲಿ ಪಿಬಿ. ನನಗೆ ಫೋನ್ ಬಂತು, ಹೋದೆ. ಮಗ ಕೂಗಾಡಿದ. ಆಕೆ ಕೂಗಲಿಲ್ಲ. ಗ್ಲೌಸ್ ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ, ನಾಲ್ಕು ಮಡಿಕೆ ಮಡಚಿ, "ಇದನ್ನ ಯಾರಿಗರೆ ಕೊಡ್ರಿ, ನಾ ಬರೇ ಹಾಕ್ಕೊಂಡೀನಿ ಅಷ್ಟ" ಎಂದು ನನ್ನ ಕೈಗಿಟ್ಟಳು. ಸೇವೆಯಲ್ಲಿ ಎಷ್ಟೋ ಬೈಗುಳ ತಿಂದಿದ್ದೇನೆ. ಯಾವುದೂ ಇಷ್ಟು ಚುಚ್ಚಿರಲಿಲ್ಲ.

ಇನ್ನು ಅರ್ಜಿಯ ಗಡುವು. ಮತದಾನಕ್ಕೆ ಐದು ದಿನ ಮುಂಚೆ ಕೊಟ್ಟರಾಯಿತು ಎಂದುಕೊಂಡವರೇ ಹೆಚ್ಚು. ಅಧಿಸೂಚನೆ ಹೊರಟ ಮೇಲಿನ ಐದು ದಿನದೊಳಗೆ ಕೊಡಬೇಕು. ಆ ಉಪಚುನಾವಣೆಗೆ ಅಧಿಸೂಚನೆ ಬಂದಿದ್ದು ಮಾರ್ಚ್ 23ಕ್ಕೆ, ಮತದಾನ ಏಪ್ರಿಲ್ 17ಕ್ಕೆ. ಊರಲ್ಲಿ ಇನ್ನೂ ಒಂದು ಕರಪತ್ರವೂ ಹಂಚಿರುವುದಿಲ್ಲ, ಅರ್ಜಿಯ ಬಾಗಿಲು ಮುಚ್ಚಿರುತ್ತದೆ.

ವೃದ್ಧರಿಗೆ ಈ ಲೆಕ್ಕ ನಡೆದೀತು. ಎಂಬತ್ತೈದರವರು ಮೂರು ವಾರದಲ್ಲಿ ಅರವತ್ತಾಗುವುದಿಲ್ಲ. ಕೊರೊನಾಕ್ಕೆ ಹೇಗೆ? ಮಾರ್ಚ್ 25ಕ್ಕೆ ಪಾಸಿಟಿವ್ ಆದವನು ಅರ್ಜಿ ಕೊಡಬಹುದಿತ್ತು, ಮತದಾನದ ಹೊತ್ತಿಗೆ ಅವನು ವಾಸಿಯಾಗಿ ಹೊಲದಲ್ಲಿರುತ್ತಿದ್ದ. ಏಪ್ರಿಲ್ 10ಕ್ಕೆ ಪಾಸಿಟಿವ್ ಆದವನಿಗೆ ನಿಜಕ್ಕೂ ಮನೆ ಮತ ಬೇಕಿತ್ತು, ಅವನು ಅರ್ಜಿ ಕೊಡುವಂತಿರಲಿಲ್ಲ. ಅಂಥವರಿಗೆ ಉಳಿದಿದ್ದು ಮತದಾನದ ಕೊನೆಯ ಒಂದು ಗಂಟೆ, ಆರೋಗ್ಯ ಇಲಾಖೆಯವರ ಕಣ್ಗಾವಲಲ್ಲಿ. ಮತಪತ್ರ ಮುದ್ರಿಸಬೇಕು, ತಂಡಗಳಿಗೆ ದಾರಿ ಗೊತ್ತುಮಾಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದು ನನಗೂ ಗೊತ್ತು. ಹಾಗಿದ್ದರೂ ಕಾಯಿಲೆಯವರಿಗಾದರೂ ಬೇರೆ ಗಡುವು ಇಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ, ಇಲಾಖೆಯದ್ದಲ್ಲ.

ಕೊರೊನಾದವರು ಅರ್ಜಿಯ ಜೊತೆ ಆರೋಗ್ಯಾಧಿಕಾರಿಯ ದೃಢೀಕರಣವನ್ನೂ ಕೊಡಬೇಕಿತ್ತು. ಮನೆಯಿಂದ ಹೊರಗೆ ಬರಬಾರದು ಎಂದು ಬಾಗಿಲಿಗೆ ಚೀಟಿ ಅಂಟಿಸಿದವರಿಗೆ, ಆಸ್ಪತ್ರೆಗೆ ಹೋಗಿ ಸಹಿ ಹಾಕಿಸಿಕೊಂಡು ಬನ್ನಿ ಎನ್ನುವುದು ಹೇಗೆ? ನಾವು ಆ ಹೊಣೆಯನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸಿದೆವು. ಪಾಸಿಟಿವ್ ಪಟ್ಟಿ ಇದ್ದದ್ದೇ ಆರೋಗ್ಯ ಕೇಂದ್ರದಲ್ಲಿ, ಕಾಗದ ಅಲ್ಲಿಂದಲೇ ನಡೆದು ಬಂತು. ಇನ್ನೊಂದು ಕೆಲಸ ಮಾಡಿದೆವು. ಫಾರ್ಮಿನಲ್ಲಿ ಜನ ತಡವರಿಸುವುದು ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆಯ ಹತ್ತಿರ. ಅವು ಯಾರಿಗೂ ಬಾಯಿಪಾಠ ಬರುವುದಿಲ್ಲ, ಬಿಎಲ್‌ಒ ಬಳಿಯಂತೂ ಪಟ್ಟಿ ಇದ್ದೇ ಇರುತ್ತದೆ. ಮನೆಗೆ ಹೋಗುವ ಮೊದಲೇ ಅವನ್ನು ಬರೆದಿಟ್ಟುಕೊಳ್ಳಿ ಎಂದೆ. ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಇಳಿಯಿತು. ಫಾರ್ಮ್ ವಾಪಸು ತೆಗೆದುಕೊಳ್ಳುವಾಗ "ಇನ್ನು ಬೂತಿಗೆ ಬರುವಂತಿಲ್ಲ" ಎಂದು ಮೂರು ಸಲ ಜೋರಾಗಿ ಹೇಳಿ, ಮಗನಿಗೂ ಹೇಳಿ, ಸೊಸೆಗೂ ಹೇಳಿ ಎಂದೂ ಹೇಳಿಕೊಟ್ಟಿದ್ದೆ. ಸೊಸೆಗೆ ಹೇಳಿದ ಮನೆಗಳಿಂದ ನನಗೆ ಜಗಳ ಬರಲಿಲ್ಲ.

ಒಂದು ಎಚ್ಚರಿಕೆ. ವಯಸ್ಸಿನ ಮಿತಿ ನಿಂತಲ್ಲಿ ನಿಂತಿಲ್ಲ. 2019ರಲ್ಲಿ 80 ಎಂದಿದ್ದದ್ದು 2020ರ ಜೂನ್‌ನಲ್ಲಿ 65ಕ್ಕೆ ಇಳಿಯಿತು. ಮರುತಿಂಗಳೇ ಚುನಾವಣಾ ಆಯೋಗ, ಬಿಹಾರದ ವಿಧಾನಸಭೆ ಚುನಾವಣೆಗೂ ಹತ್ತಿರದ ಉಪಚುನಾವಣೆಗಳಿಗೂ ಅದನ್ನು ಜಾರಿ ಮಾಡುವುದಿಲ್ಲ ಎಂದಿತು. 65 ಎಂದಿದ್ದ ಪತ್ರಿಕೆಯ ತುಣುಕು ಹಿಡಿದು ಬಂದ ಅರವತ್ತೇಳರ ಮೇಷ್ಟ್ರಿಗೆ ಇದನ್ನು ವಿವರಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು. 2023ರ ವಿಧಾನಸಭೆಗೆ 80, 2024ರ ಲೋಕಸಭೆಗೆ 85. "ಹೋದ ವರ್ಷ ಮನೆಗೆ ಬಂದಿದ್ರಲ್ಲ?" ಎಂದು ಎಂಬತ್ತೆರಡರವರು ಕೇಳಿದರೆ ಉತ್ತರ ಇಷ್ಟೇ: ನಿಯಮ ಬದಲಾಗಿದೆ. ಆಯಾ ಚುನಾವಣೆಗೆ ನಿಮ್ಮ ಬಿಎಲ್‌ಒ ಏನು ಹೇಳುತ್ತಾರೋ ಅದನ್ನು ಕೇಳಿ. ಈ ಅಂಕಣವನ್ನು ಕತ್ತರಿಸಿಕೊಂಡು ಹೋಗಿ ಅವರ ಮುಖಕ್ಕೆ ಹಿಡಿಯಬೇಡಿ.

ಅದೇ ಉಪಚುನಾವಣೆಯಲ್ಲಿ ಒಬ್ಬ ಮುತ್ಯಾ ಫಾರ್ಮ್ ಕೊಟ್ಟ ಮರುದಿನದಿಂದ ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತಿದ್ದ. ಯಾರಾದರೂ ಕೇಳಿದರೆ "ಟಪಾಲಿನಾಂವ ಬರಬೇಕೋ ತಮ್ಮಾ, ನನ್ನ ವೋಟು ತರ್ತಾನ" ಅನ್ನುತ್ತಿದ್ದನಂತೆ. ನಮ್ಮ ತಂಡ ಹೋದ ದಿನ ರುಮಾಲು ಸುತ್ತಿಕೊಂಡು, ಮಾಸ್ಕಿನ ಮೇಲೆ ಮೀಸೆ ಹೊರಗೆ ತೆಗೆದು, ಮೂಲೆಯಲ್ಲಿ ರಟ್ಟು ಅಡ್ಡ ಹಿಡಿದು ಗುರುತು ಹಾಕಿದ. ಎರಡೂ ಲಕೋಟೆ ತಾನೇ ಅಂಟಿಸಿದ, ಯಾರಿಗೂ ಮುಟ್ಟಗೊಡಲಿಲ್ಲ. ಎಲ್ಲರೂ ಎದ್ದು ಹೊರಟರು. ಪೊಲೀಸಿನವನ ತೋಳು ಹಿಡಿದು ಮೆಲ್ಲಗೆ ಕೇಳಿದನಂತೆ: "ಇದೆಲ್ಲಾ ಆತು ಖರೆ. ಟಪಾಲಿನಾಂವ ಯಾವಾಗ ಬರ್ತಾನು?"