ತಮ್ಮನ ಮೈಮೇಲೆ ಅಣ್ಣನ ಹೆಸರು: ಪ್ಲಿಮತ್‌ನ ಎರಡು ಕಾರುಗಳ ಕಥೆ

ಈ ಕಾರಿನ ಹಾರ್ನ್ ಒತ್ತಿದರೆ ‘ಪೋಂ’ ಅನ್ನುವುದಿಲ್ಲ. ‘ಬೀಪ್ ಬೀಪ್’ ಅನ್ನುತ್ತದೆ, ಥೇಟ್ ಕಾರ್ಟೂನ್‌ನ ರೋಡ್ ರನ್ನರ್ ಹಕ್ಕಿಯ ಹಾಗೆ. ಆ ಹಕ್ಕಿಯ ಹೆಸರು, ಚಿತ್ರ ಬಳಸಲು ಅಮೆರಿಕದ ಕಾರು ಕಂಪನಿ ಪ್ಲಿಮತ್, ಕಾರ್ಟೂನ್‌ನ ಒಡೆಯರಾದ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟಿತ್ತು. ಆದರೆ 1968ರಲ್ಲಿ ಬಂದ ಈ ರೋಡ್ ರನ್ನರ್ ಕಾರಿನ ಕಥೆಯನ್ನು ಅದರ ಅಣ್ಣನಿಂದಲೇ ಶುರು ಮಾಡಬೇಕು.

ಅಣ್ಣನ ಹೆಸರು ಜಿಟಿಎಕ್ಸ್. 1964ರ ಪಾಂಟಿಯಾಕ್ ಜಿಟಿಒ ನೋಡಿದ ಮೇಲೆ ಅಮೆರಿಕದ ಹುಡುಗರಿಗೆ ಮಧ್ಯಮ ಗಾತ್ರದ ಕಾರಿನಲ್ಲಿ ದೊಡ್ಡ ವಿ8 (ಎಂಟು ಸಿಲಿಂಡರಿನ) ಎಂಜಿನ್ ಬೇಕೇ ಬೇಕು ಅನ್ನಿಸಿಬಿಟ್ಟಿತ್ತು. ಅವರಿಗೆಂದು ಪ್ಲಿಮತ್ 1967ರಲ್ಲಿ ಜಿಟಿಎಕ್ಸ್ ತಂದಿತು. ಬೆಲ್ವೆಡೇರ್ ಕಾರಿನ ಮೈಗೆ 440 ಘನ ಇಂಚಿನ, ಅಂದರೆ 7.2 ಲೀಟರ್ ಎಂಜಿನ್. 375 ಅಶ್ವಶಕ್ತಿ. ಒಳಗೆ ಬಕೆಟ್ ಸೀಟು, ಕಾರ್ಪೆಟ್. ಇನ್ನೂ ಬೇಕು ಅನ್ನುವವರಿಗೆ 425 ಅಶ್ವಶಕ್ತಿಯ, 426 ಘನ ಇಂಚಿನ ‘ಹೆಮಿ’ ಎಂಬ ಎಂಜಿನ್. ಒಳ್ಳೇ ಕಾರೇ. ಬೆಲೆ ಮಾತ್ರ 3,000 ಡಾಲರ್ ದಾಟುತ್ತಿತ್ತು. ವೇಗದ ಹುಚ್ಚು ಜಾಸ್ತಿ ಇದ್ದದ್ದು ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗರಿಗೆ. ಅವರ ಕೈಗೆ ಇದು ಎಟುಕುತ್ತಿರಲಿಲ್ಲ.

ತಮ್ಮ ರೋಡ್ ರನ್ನರ್ ಹುಟ್ಟಿದ್ದು ಈ ಹುಡುಗರಿಗಾಗಿ. ಬೆಲೆ 3,000 ಡಾಲರ್ ಒಳಗಿರಬೇಕು, ಕಾಲು ಮೈಲಿ ಓಟದಲ್ಲಿ ಗಂಟೆಗೆ 100 ಮೈಲಿ ವೇಗ ಮುಟ್ಟಬೇಕು. ಅದಕ್ಕೆ ಬೇಡದ್ದನ್ನೆಲ್ಲ ಕಿತ್ತು ಹಾಕಿದರು. ಬಾಗಿಲು ತೆಗೆದರೆ ಉದ್ದಕ್ಕೂ ಒಂದೇ ಬೆಂಚ್ ಸೀಟು. ಕಾಲಡಿಗೆ ರಬ್ಬರ್ ಮ್ಯಾಟ್. ಮೊದಲು ಬಂದ ಕಾರುಗಳಲ್ಲಿ ಹಿಂದಿನ ಕಿಟಕಿ ಗಾಜು ಕೆಳಗೂ ಇಳಿಯುವುದಿಲ್ಲ, ಸುಮ್ನೆ ಒಂಚೂರು ಹೊರಕ್ಕೆ ತೆರೆದುಕೊಳ್ಳುತ್ತದೆ ಅಷ್ಟೇ. ಉಳಿಸಿದ ದುಡ್ಡೆಲ್ಲ ಬಾನೆಟ್ ಕೆಳಗೆ ಹೋಗಿತ್ತು. 383 ಎಂಜಿನ್‌ಗೆ ಅಣ್ಣನ 440ರ ಸಿಲಿಂಡರ್ ಹೆಡ್ಡು, ಕ್ಯಾಮ್‌ಶಾಫ್ಟು ಹಾಕಿ 335 ಅಶ್ವಶಕ್ತಿ ತೆಗೆದಿದ್ದರು. ನಾಲ್ಕು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಕಾರಿನ ಜೊತೆಗೇ ಬರುತ್ತಿತ್ತು. ಬೆಲೆ 2,896 ಡಾಲರ್. ಎಲ್ಲಿ ಉಳಿಸಬೇಕು, ಎಲ್ಲಿ ಸುರಿಯಬೇಕು ಎಂದು ಇಷ್ಟು ಚೆನ್ನಾಗಿ ಅರಿತು ಮಾಡಿದ ಕಾರು ಆ ಕಾಲದಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸುಮಾರು 20,000 ಕಾರು ಹೋಗಬಹುದು ಅಂದುಕೊಂಡಿದ್ದ ಕಂಪನಿ ಮೊದಲ ವರ್ಷವೇ ಹೆಚ್ಚುಕಡಿಮೆ 45,000 ಮಾರಿತು. 1969ರಲ್ಲಿ ಲೆಕ್ಕ 80,000 ದಾಟಿತು. ಮೋಟಾರ್ ಟ್ರೆಂಡ್ ಪತ್ರಿಕೆ ಅದನ್ನೇ ವರ್ಷದ ಕಾರು ಎಂದು ಆರಿಸಿತು.

ಅಣ್ಣನಿಗೆ ಪೆಟ್ಟು ಬಿದ್ದದ್ದೇ ಇಲ್ಲಿ. ಹೆಮಿ ತಮ್ಮನಿಗೂ ಮೊದಲಿಂದ ಸಿಗುತ್ತಿತ್ತು. ಅಣ್ಣನದೇ ಅಂತ ಉಳಿದಿದ್ದದ್ದು 440 ಒಂದು. 1969ರ ಮಧ್ಯದಲ್ಲಿ ಮೂರು ಕಾರ್ಬ್ಯುರೇಟರ್ ಕೂರಿಸಿದ, 390 ಅಶ್ವಶಕ್ತಿಯ 440 ಕೂಡ ತಮ್ಮನಿಗೆ ಬಂತು. ಇನ್ನು ಜಾಸ್ತಿ ದುಡ್ಡು ಕೊಟ್ಟು ಜಿಟಿಎಕ್ಸ್ ಯಾಕೆ ಕೊಳ್ಳಬೇಕು, ಅಲ್ವಾ?

ಅಷ್ಟರಲ್ಲಿ ವಿಮಾ ಕಂಪನಿಗಳು ಇಂಥ ಕಾರುಗಳ ಪ್ರೀಮಿಯಂ ಏರಿಸಿದವು. 1970ರ ಶುದ್ಧ ಗಾಳಿ ಕಾಯ್ದೆ ಹೊಗೆಗೆ ಮೂಗುದಾರ ಹಾಕಿತು. 1971ರಲ್ಲಿ ಜಿಟಿಎಕ್ಸ್ ಮಾರಾಟ 3,000 ಕೂಡ ಮುಟ್ಟಲಿಲ್ಲ. ಬೇರೆ ಮಾದರಿಯಾಗಿ ಅದಕ್ಕೆ ಅದೇ ಕೊನೆಯ ವರ್ಷ. 1972ರಿಂದ 440 ಎಂಜಿನ್ ಇರುವ ರೋಡ್ ರನ್ನರ್ ಕೊಂಡರೆ ಅದರ ಮೈಮೇಲೆ ಜಿಟಿಎಕ್ಸ್ ಎಂಬ ಹೆಸರೂ ಇರುತ್ತಿತ್ತು. 1974ರ ತನಕ ಹಾಗೇ ನಡೆಯಿತು.