ಗಾಳಿ ಮಳಿಗೆ ಹರಿದ 11 ಕೆವಿ ತಂತಿ: ಆಚೆ ತುದಿಯಾಗ ಕರೆಂಟ್ ಎಲ್ಲಿಂದ ಬರ್ತೈತಿ

ಪ್ರೊಟೆಕ್ಷನ್ ಚಾಪ್ಟರ್ ಓದಾಕತ್ತಿದ ಡಿಪ್ಲೊಮಾ, ಐಟಿಐದವರಿಗೆ ಇದು. ನಿನ್ನೆ ರಾತ್ರಿ ತಲಿಗೆ ಹತ್ತೈತಿ, ಮರಿಯೂದ್ರೊಳಗ ಬರದಿಡ್ತೀನಿ.

ಓವರ್‌ಕರೆಂಟ್ ರಿಲೇ (ಲೈನಿನ ಕರೆಂಟ್ ನೋಡಿ ಬ್ರೇಕರ್ ಬೀಳಿಸೂ ಸಾಧನ) ನಿಮಗ ಗೊತ್ತೈತಿ, ಗಾಳಿಗೆ ಎರಡು ತಂತಿ ಹೊಯ್ದಾಡಿ ಒಂದಕ್ಕೊಂದು ತಾಗಿದ್ರ ಕರೆಂಟ್ ಏರ್ತೈತಿ, ಬ್ರೇಕರ್ ಬೀಳ್ತೈತಿ. ಅರ್ಥ್ ಫಾಲ್ಟ್ ರಿಲೇ ಮೂರೂ ಫೇಸಿನ ಕರೆಂಟ್ ಕೂಡಿಸಿ ನೋಡ್ತೈತಿ, ಎಲ್ಲಾ ಸರಿ ಇದ್ರ ಮೊತ್ತ ಸೊನ್ನೆ, ನೆಲಕ್ಕ ಸೋರಿದ್ರ ಅಷ್ಟು ಉಳೀತೈತಿ. ದೊಡ್ಡ ಲೈನಿಗೆ ಡಿಸ್ಟನ್ಸ್ ರಿಲೇ, ಅದು ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿ ಫಾಲ್ಟ್ ಎಷ್ಟು ದೂರ ಐತಿ ಹೇಳ್ತೈತಿ: ಕಿಲೋಮೀಟರಿಗೆ 0.4 ಓಮ್ ರಿಯಾಕ್ಟನ್ಸ್ ಇದ್ದು 12 ಓಮ್ ತೋರಿಸಿದ್ರ 30 ಕಿಲೋಮೀಟರಿಗೆ ಹೋಗಿ ನೋಡ್ರಿ ಅಂತ. ದೂರದ ಲೆಕ್ಕಕ್ಕ ರಿಯಾಕ್ಟನ್ಸ್ ಮಾತ್ರ ಯಾಕ ತಗೋತಾರಂದ್ರ, ಕಿಡಿಯ ರೆಸಿಸ್ಟನ್ಸ್ ಕೂಡಿಕೊಂಡ್ರ ಲೆಕ್ಕ ತಪ್ತೈತಿ. ನಮ್ಮ ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಐತೆಲ್ಲ, 2013ರ ಡಿಸೆಂಬರ್ 31ಕ್ಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಸಿಂಕ್ರೊನೈಸ್ ಆಗಿದ್ದು ಅದರಿಂದನ, ಅಂಥಾ ಲೈನಿನ ಮ್ಯಾಲೆ ಕಣ್ಣಿಡಾಕ ಸಾಧನ ಬೇಕಾದಷ್ಟು ಅದಾವು. ತ್ರಾಸು ಇರೂದು ಹೊಲದ ಮ್ಯಾಲೆ ಹಾಯ್ದು ಹೋಗೂ 11 ಕೆವಿದು.

ಮೊದಲನೇದು ನೆಲ. ನಮ್ಮ ಕಡೆ ಏಪ್ರಿಲ್-ಮೇದಾಗ ಗಾಳಿ ಮೊದಲು ಬರ್ತೈತಿ, ಮಳಿ ಆಮೇಲೆ, ಅಂದ್ರ ತಂತಿ ಬೀಳೂ ಹೊತ್ತಿಗೆ ನೆಲ ಇನ್ನೂ ಒಣಾನ ಇರ್ತೈತಿ. ಇಂಥಾ ವೋಲ್ಟೇಜಿನ ಲೈನಿನ ಮ್ಯಾಲೆ ಪರೀಕ್ಷೆ ಮಾಡಿ ನೋಡಿದಾಗ ಒಣ ಮರಳು, ಒಣ ಡಾಂಬರಿನಾಗ ಹೆಚ್ಚೂಕಮ್ಮಿ ಏನೂ ಹರಿದಿಲ್ಲ, ಹಸಿ ಮರಳಿನಾಗ ಸುಮಾರು 15 ಆಂಪ್, ಹಸಿ ಹುಲ್ಲಿನಾಗ ಸುಮಾರು 50. ಈಗ 200/1 ಸಿಟಿಗೆ (ಲೈನಿನ 200 ಆಂಪನ್ನ 1 ಆಂಪ್ ಮಾಡಿ ರಿಲೇಗೆ ಕೊಡೂ ಕರೆಂಟ್ ಟ್ರಾನ್ಸ್‌ಫಾರ್ಮರ್) 20% ಸೆಟ್ಟಿಂಗ್ ಇಟ್ಟೀರಿ ಅನ್ಕೋರಿ, ರಿಲೇ ಎಚ್ಚರಾಗೂದು 40 ಆಂಪಿಗೆ. ಒಣ ನೆಲಕ್ಕ ಬಿದ್ದದ್ದು ಅದಕ್ಕ ಕಾಣಂಗಿಲ್ಲ.

ಇಷ್ಟು ನನಗೂ ತಿಳಿದಿತ್ತು. ತಿಳೀದ ಇದ್ದದ್ದು ಇದು: ತಂತಿ ಹರಿದ್ರ ಎರಡು ತುದಿ ಆಗ್ತಾವು, ಒಂದು ಸಬ್‌ಸ್ಟೇಷನ್ ಕಡೀದು, ಇನ್ನೊಂದು ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಕಡೀದು. ಟಿಸಿ ಕಡೆ ತುಂಡಿಗೆ ಸಪ್ಲೈ ಕಟ್ ಆಗೈತಿ, ಅಂದ್ಮ್ಯಾಲೆ ಅದು ಸತ್ತ ತಂತಿ ಅಂತ ನಾನು ಎರಡು ವರ್ಷ ನಂಬಿದ್ದೆ. ತಪ್ಪು. ಪೂರ್ತಿ ತಪ್ಪು.

ಟಿಸಿಯ ಎಚ್‌ಟಿ (11 ಕೆವಿ) ಸೈಡ್ ಡೆಲ್ಟಾ, ಅಂದ್ರ ಮೂರು ವೈಂಡಿಂಗ್ ತ್ರಿಕೋಣದಂಗ ಜೋಡಿಸಿರ್ತಾರ. ಆರ್, ವೈ, ಬಿ ಅಂತ ಮೂರು ಫೇಸಿನಾಗ ಆರ್ ಹರಿದ್ರೂ ವೈ, ಬಿ ಬರ್ತಿರ್ತಾವು, ಅವೆರಡೂ ವೈಂಡಿಂಗ್ ಒಳಗ ಹಾಯ್ದು ಆರ್ ಬುಶಿಂಗಿಗೆ (ಟಿಸಿಗೆ ತಂತಿ ಕಟ್ಟೂ ತುದಿ) ಬಂದು ಅಲ್ಲಿಂದ ನೆಲದಾಗ ಬಿದ್ದ ತುಂಡಿಗೆ ಇಳೀತಾವು. ಎಷ್ಟು ವೋಲ್ಟ್? ಸೂತ್ರ ಬ್ಯಾಡ, ತ್ರಿಕೋಣ ಬರೀರಿ. ಮೂರೂ ಬದಿ 11, ಮೂಲಿಗೆ ಆರ್, ವೈ, ಬಿ, ನಡುವಿನ ಚುಕ್ಕಿ ನೆಲ (ಸಬ್‌ಸ್ಟೇಷನ್ನಿನಾಗ ನ್ಯೂಟ್ರಲ್ ಅರ್ಥ್ ಮಾಡಿರ್ತಾರಲ್ಲ). ನಡುವಿನಿಂದ ಮೂಲಿಗೆ 6.35 ಕೆವಿ. ಆರ್ ಹರಿದ ಮ್ಯಾಲೆ ಟಿಸಿಯ ಆರ್ ಬುಶಿಂಗ್ ಎಲ್ಲಿ ಹೋಗಿ ಕುಂದರ್ತೈತಿ? ವೈಗೆ ಒಂದು ವೈಂಡಿಂಗ್, ಬಿಗೆ ಒಂದು ವೈಂಡಿಂಗ್, ಎರಡೂ ಸಮ, ಹಂಗಾಗಿ ವೈ-ಬಿ ಬದಿಯ ನಟ್ಟನಡುವ. ಚುಕ್ಕಿಯಿಂದ ಆ ಜಾಗಕ್ಕ ದೂರ 6.35ರ ಅರ್ಧ, ಸುಮಾರು 3.2 ಕೆವಿ. ಸತ್ತೈತಿ ಅಂತ ನಾವು ಹೇಳೂ ತುಂಡಿನಾಗ 3,200 ವೋಲ್ಟ್! ಈ ಚಿತ್ರ ಬರದ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಅದೂ ಅಲ್ದ ರಿಲೇ ಇದನ್ನ ಹಿಡಿಯೂದಿಲ್ಲ. 25 ಕೆವಿಎ ಟಿಸಿಯ ಫುಲ್ ಲೋಡ್ ಕರೆಂಟೇ ಎಚ್‌ಟಿ ಕಡೆ 1.3 ಆಂಪ್, ಅದರ ವೈಂಡಿಂಗ್ ಸುತ್ತಿ ಬರೂದು, ಆಚೆ ಹತ್ತು ಟಿಸಿ ಇದ್ರೂ, ಕೆಲವೇ ಆಂಪ್. 40 ಎಲ್ಲಿ, ಇದು ಎಲ್ಲಿ. ಲೈನಿಗೆ ನೇತು ಹಾಕೂ ಫಾಲ್ಟ್ ಇಂಡಿಕೇಟರೂ ಇಷ್ಟಕ್ಕ ಮಿನುಗೂದಿಲ್ಲ.

ಹಂಗಾದ್ರ ಗೊತ್ತಾಗೂದು ಹೆಂಗ? ಅದೇ ತ್ರಿಕೋಣ ಇನ್ನೊಮ್ಮೆ ನೋಡ್ರಿ. ವೈ-ಬಿ ವೈಂಡಿಂಗಿಗೆ ಪೂರಾ 11, ಉಳಿದ ಎರಡಕ್ಕ 5.5. ಎಲ್‌ಟಿ (ಮನಿ, ಪಂಪಿಗೆ ಹೋಗೂ) ಕಡೆ ಒಂದು ಫೇಸ್ 250 ವೋಲ್ಟ್, ಎರಡು ಫೇಸ್ 125ರ ಆಸುಪಾಸು (ಲೋಡ್ ಸಮ ಇಲ್ದಿದ್ರ ಹೆಚ್ಚುಕಮ್ಮಿ). ಎಲ್‌ಟಿ ಫ್ಯೂಸ್ ಹೋದ್ರ ಹಿಂಗ ಆಗಂಗಿಲ್ಲ, ಒಂದು ಫೇಸ್ ಪೂರ್ತಿ ಹೋಗಿ ಉಳಿದೆರಡು ಸರಿ ಇರ್ತಾವು. ಅದಕ್ಕ ಟಿಸಿ ಮೀಟರಿಗೆ ಮೋಡೆಮ್ ಇದ್ದು ಮೂರೂ ಫೇಸಿನ ವೋಲ್ಟೇಜ್ ಕಳಿಸಿದ್ರ, ಸಬ್‌ಸ್ಟೇಷನ್ನಿನಾಗ ಕರೆಂಟ್ ನೋಡೂದಕ್ಕಿಂತ ಇದು ಮೇಲು ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದೇ ಹೊತ್ತಿಗೆ ಎಷ್ಟು ಟಿಸಿ ಹಿಂಗ ಅಂತಾವು ನೋಡಿ, ಅದರಾಗ ಸಬ್‌ಸ್ಟೇಷನ್ನಿಗೆ ಹತ್ತಿರದ್ದು ಯಾವುದು ಹುಡುಕಿದ್ರ, ತಂತಿ ಹರಿದದ್ದು ಅದರ ಈಚೆ, ಸಬ್‌ಸ್ಟೇಷನ್ ಕಡೆ.

ಕಾರಟಗಿ ಕಡೆ ನಮ್ಮ ಮಾವನ ಹೊಲದಾಗ ಬೇಸಿಗಿ ಭತ್ತ ಕೊಯ್ಯೂ ಹೊತ್ತಿಗೆ ಒಮ್ಮೆ ಹಿಂಗ ಆಗಿತ್ತು. ಬದುವಿನ ಮ್ಯಾಲೆ ತಂತಿ ಬಿದ್ದೈತಿ, ಪಂಪ್ ಮನಿ ಬಲ್ಬ್ ಕೆಂಪಗ ಡಿಮ್ ಉರಿಯಾಕತ್ತೈತಿ. ಮಾವ ಫೋನಿನಾಗ "ಕರೆಂಟ್ ಹೋಗಿಲ್ಲೋ, ಡಿಮ್ ಐತಿ ಅಷ್ಟ" ಅಂದ್ರು, ನಾನು ಆವಾಗ ಬರೇ "ಹೌದಾ" ಅಂದೆ. ಲೈನ್‌ಮನ್ ಅಣ್ಣ ಬಂದು ಎಲ್‌ಸಿ (ಲೈನ್ ಬಂದ್ ಮಾಡಿಸಿ ಕೆಲಸಕ್ಕ ಅನುಮತಿ) ತಗೊಂಡು, ಜಿಒಎಸ್ (ಕಂಬದ ಮ್ಯಾಲಿನ ಲೈನ್ ಸ್ವಿಚ್) ತೆಗೆದು, ತುಂಡಿನ ಎರಡೂ ಕಡೆ ಅರ್ಥ್ ರಾಡ್ ಹಚ್ಚಿದ ಮ್ಯಾಲೇ ಕೈ ಹಾಕಿದ್ರು. ಎರಡೂ ಕಡೆ ಯಾಕ ಅಂತ ಅವತ್ತು ಕೇಳಬೇಕಂದಿದ್ದೆ, ಕೇಳಲಿಲ್ಲ. ಈಗ ಮಾವಗ ಹೇಳೀನಿ: ಗಾಳಿ ಬಿಟ್ಟ ಮ್ಯಾಲೆ ಬಲ್ಬ್ ಡಿಮ್ ಆತಂದ್ರ ಹೊಲಕ್ಕ ಇಳೀಬ್ಯಾಡ್ರಿ, ಕರೆಂಟಿನ ಸಹಾಯವಾಣಿ 1912ಕ್ಕ ಹಚ್ಚಿ "ಒಂದು ಫೇಸ್ ಫುಲ್, ಎರಡು ಡಿಮ್" ಅಂತ ಇದ್ದಂಗ ಹೇಳ್ರಿ.